ನಮಗೆ ರಜ, ಅಲ್ಲಿ ಕೆಲಸದ ದಿನ: ಜರ್ಮನಿಯಲ್ಲಿ ದುಡೀತಾ ಯುರೋಪ್ ಸುತ್ತೋ, ಚೆನ್ನಾಗಿ ಉಣ್ಣೋ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇದು ಮಾತಾಡಿದ್ದನ್ನ ಬರಹಕ್ಕೆ ಇಳಿಸಿರೋದು, ಧಾಟಿ ಹಾಗೇ ಬಿಟ್ಟಿದೀನಿ, ಅಲ್ಲಲ್ಲಿ ದಾರಿ ತಪ್ಪಿದ್ರೆ ಸಹಿಸ್ಕೊಳ್ಳಿ.

ನನಗೆ ಕೊಟ್ಟ ವಿಷಯ ಕೆಲಸ, ತಿರುಗಾಟ, ಊಟ ಮೂರನ್ನೂ ಹೇಗೆ ಸಂಭಾಳಿಸೋದು ಅಂತ. ನಾನಿರೋದು ಜರ್ಮನಿಯ ದಕ್ಷಿಣದಲ್ಲಿ, ಆಫೀಸಲ್ಲಿ ಕೆಲಸ ಕಮ್ಮಿಯೇನಿಲ್ಲ, ಆದ್ರೂ ವಾರಾಂತ್ಯಕ್ಕೆ ಎಲ್ಲಾದ್ರೂ ಹೊರಟಿರ್ತೀನಿ, ಅದನ್ನ ನೋಡಿದೋರು ಮೊದಲು ಕೇಳೋದು 'ನಿಮಗೆ ಟೈಮ್ ಎಲ್ಲಿಂದ ಸಿಗತ್ತೆ ಸಾರ್' ಅಂತ, ಎರಡನೇದು 'ಅಷ್ಟು ದುಡ್ಡು ಎಲ್ಲಿಂದ' ಅಂತ. ಎರಡಕ್ಕೂ ನನ್ನ ಹತ್ರ ಇರೋ ಉತ್ತರ ಒಂದೇ, ಅದು ಕ್ಯಾಲೆಂಡರು. ನಮಗೆ ರಜ ಇರೋ ದಿನ, ನಾವು ಹೋಗೋ ಊರಲ್ಲಿ ಜನ ಕೆಲಸ ಮಾಡ್ತಾ ಇರ್ಬೇಕು. ಇದನ್ನ ಹಿಡ್ಕೊಂಡೇ ಇವತ್ತು ಮಾತಾಡ್ತೀನಿ, ಯಾಕೆ ಅಂತ ಸ್ವಲ್ಪ ಹೊತ್ತಲ್ಲಿ ಗೊತ್ತಾಗತ್ತೆ.

ಮೊದಲು ರಜದ ವಿಷಯ. ಜರ್ಮನಿಯ ರಜಾ ಕಾನೂನು 1963ರದ್ದು. ಅದರ ಪ್ರಕಾರ ವಾರಕ್ಕೆ ಐದು ದಿನ ಕೆಲಸ ಮಾಡೋರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜ, ಸುಮಾರು ಕಂಪನಿಗಳು 28, 30 ಕೊಡ್ತಾರೆ, ಆಫರ್ ಲೆಟರ್ ಸೈನ್ ಮಾಡೋಕೆ ಮುಂಚೆ ಆ ನಂಬರ್ ನೋಡ್ಕೊಳ್ಳಿ, ಸಂಬಳದಷ್ಟೇ ಮುಖ್ಯ ಅದು. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೇ ಪೂರ್ತಿ ವರ್ಷದ ರಜ ನಿಮ್ಮ ಹಕ್ಕು. ಆ ವರ್ಷದ ರಜ ಆ ವರ್ಷವೇ ಮುಗಿಸ್ಬೇಕು, ತಕ್ಕ ಕಾರಣ ಇದ್ರೆ ಮುಂದಿನ ಮಾರ್ಚ್ 31ರ ತನಕ ತಳ್ಬಹುದು. ಇನ್ನೊಂದು, ರಜದಲ್ಲಿದ್ದಾಗ ಹುಷಾರು ತಪ್ಪಿ ಡಾಕ್ಟರ್ ಸರ್ಟಿಫಿಕೇಟ್ ತಂದ್ರೆ ಆ ದಿನಗಳನ್ನ ರಜದ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ, ಅಷ್ಟೂ ದಿನ ನಿಮಗೆ ವಾಪಸ್ಸು. ನಮ್ಮೋರಿಗೆ ಇದನ್ನ ಕೇಳೋಕೇ ಸಂಕೋಚ, ಬಾಸ್ ಏನಂದ್ಕೋತಾರೋ ಅಂತ. ಅವರು ಏನೂ ಅಂದ್ಕೊಳಲ್ಲ, ಅವರೂ ಹಾಗೇ ಮಾಡ್ತಾರೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಈಸ್ಟರ್ ಆಗಿ 39 ದಿನಕ್ಕೆ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ ಬರತ್ತೆ, ಅದು ಯಾವ ವರ್ಷವಾದ್ರೂ ಗುರುವಾರಾನೇ, ಇಡೀ ಜರ್ಮನಿಗೆ ರಜ. ಶುಕ್ರವಾರ ಒಂದು ದಿನ ಹಾಕಿದ್ರೆ ನಾಕು ದಿನ ಕೈಗೆ ಬರತ್ತೆ. ಇಂಥ ನಡುವಿನ ದಿನಕ್ಕೆ ಅಲ್ಲಿ ಬ್ರುಕೆನ್‌ಟಾಗ್ ಅಂತಾರೆ, ಟೀಮಲ್ಲಿ ಆ ದಿನಕ್ಕೆ ಜಗಳಾನೇ ನಡೆಯತ್ತೆ, ಜನವರಿಲೇ ಅರ್ಜಿ ಹಾಕಿದೋನು ಗೆದ್ದ. ಅದಾಗಿ ಮೂರು ವಾರಕ್ಕೆ ಇನ್ನೊಂದು ಗುರುವಾರದ ಹಬ್ಬ, ಫ್ರೋನ್‌ಲೈಶ್ನಾಮ್, ಅದು ಬವೇರಿಯಾ, ಬಾಡನ್ ವುರ್ಟೆಂಬರ್ಗ್, ಹೆಸ್ಸೆ, ಕೊಲೋನ್ ಕಡೆಯ ನಾರ್ತ್ ರೈನ್ ವೆಸ್ಟ್‌ಫಾಲಿಯಾ ಇಂಥ ಕೆಲವು ರಾಜ್ಯಗಳಿಗೆ ಮಾತ್ರ, ಬರ್ಲಿನ್ನಿಗೆ ಇಲ್ಲ. ಔಗ್ಸ್‌ಬರ್ಗ್ ಅಂತ ಒಂದು ಊರಿದೆ, ಆ ಒಂದೇ ಊರಿಗೆ ಆಗಸ್ಟ್ 8 ರಜ, ದೇಶದಲ್ಲಿ ಅತಿ ಹೆಚ್ಚು ಸರ್ಕಾರಿ ರಜ ಇರೋದು ಅವರಿಗೇ, ಪುಣ್ಯವಂತರು. ಕೆಲಸ ಯಾವ ರಾಜ್ಯದಲ್ಲಿ ಅನ್ನೋದು ನಿಮ್ಮ ತಿರುಗಾಟಾನ ಇಷ್ಟರ ಮಟ್ಟಿಗೆ ತೀರ್ಮಾನ ಮಾಡತ್ತೆ. ಒಂದು ಬೇಜಾರು ಅಂದ್ರೆ ಹಬ್ಬ ಭಾನುವಾರ ಬಿದ್ರೆ ಬಿತ್ತು, ಸೋಮವಾರಕ್ಕೆ ಬದಲಿ ರಜ ಅಂತೆಲ್ಲ ಏನೂ ಇಲ್ಲ.

ಈಗ ಅದೇ ಗುರುವಾರ ಪಕ್ಕದ ದೇಶಗಳನ್ನ ನೋಡಿ. ಆಸ್ಟ್ರಿಯಾ, ಫ್ರಾನ್ಸು, ಸ್ವಿಟ್ಜರ್ಲೆಂಡು, ಬೆಲ್ಜಿಯಂ ಎಲ್ಲಾ ಕಡೆ ಅವತ್ತು ರಜ. ಜರ್ಮನಿಯೋರು ಎದ್ದು ಬಿದ್ದು ಕಾರ್ ತಗೊಂಡು ಅಲ್ಲಿಗೇ ಓಡ್ತಾರೆ, ರಸ್ತೆ ಜಾಮು, ಹೋಟೆಲ್ ರೂಮ್ ರೇಟು ಆಕಾಶದಲ್ಲಿ, ಊಟದ ಜಾಗಗಳಲ್ಲಿ ಅರ್ಧಕ್ಕರ್ಧ ಬೀಗ. ಆದ್ರೆ ಚೆಕ್, ಪೋಲೆಂಡ್, ಇಟಲಿ, ಸ್ಪೇನ್ ಇವರಿಗೆ ಅವತ್ತು ಮಾಮೂಲಿ ಗುರುವಾರ, ಮಾರನೇ ದಿನ ಮಾಮೂಲಿ ಶುಕ್ರವಾರ. ಅಕ್ಟೋಬರ್ 3ನೇ ತಾರೀಕಂತೂ ಇನ್ನೂ ಚೆನ್ನ, ಅದು ಜರ್ಮನಿ ಒಂದಾದ ದಿನ, ಅವರಿಗೆ ಮಾತ್ರ ರಜ, ಅಕ್ಕಪಕ್ಕದೋರೆಲ್ಲ ಆಫೀಸಿಗೆ ಹೋಗ್ತಾ ಇರ್ತಾರೆ.

ಅದರಿಂದ ನಮಗೇನು ಅಂತ ಕೇಳ್ತೀರ. ಯುರೋಪಲ್ಲಿ ಒಳ್ಳೇ ಊಟ ಕಮ್ಮಿ ದುಡ್ಡಿಗೆ ಸಿಗೋದು ಒಂದೇ ಹೊತ್ತಲ್ಲಿ, ಕೆಲಸದ ದಿನದ ಮಧ್ಯಾಹ್ನ. ಆಫೀಸಿನೋರು, ಗಾರೆ ಕೆಲಸದೋರು, ಬ್ಯಾಂಕಿನೋರು, ಮೇಷ್ಟ್ರುಗಳು ಇವರಿಗೆ ಅಂತಲೇ ಮಾಡೋ ದಿನದ ಊಟ ಇರತ್ತಲ್ಲ, ಅವತ್ತು ಬೆಳಿಗ್ಗೆ ಮಾರ್ಕೆಟಿಂದ ಏನು ತಂದಿದಾರೋ ಅದರಲ್ಲಿ ಎರಡು ಮೂರು ಐಟಂ, ದಿನಾ ಬರೋ ಗಿರಾಕಿಗಳು ಆದ್ದರಿಂದ ಮೋಸ ಮಾಡೋ ಹಾಗಿಲ್ಲ, ನಾಳೆ ಬಂದು ಬೈತಾರೆ. ಅದೇ ಜಾಗದಲ್ಲಿ ರಾತ್ರಿ ಹೋಗಿ ಕೂತ್ರೆ ಎರಡರಷ್ಟು ಬಿಲ್ಲು. ಟೂರಿಸ್ಟುಗಳು ಶನಿವಾರ ರಾತ್ರಿ ದೊಡ್ಡ ಚರ್ಚಿನ ಎದುರು ಫೋಟೋ ಹಾಕಿರೋ ಮೆನು ನೋಡ್ಕೊಂಡು ತಿಂದು, 'ಯುರೋಪಿನ ಊಟ ಸಪ್ಪೆ, ದುಬಾರಿ' ಅಂತ ಬಂದು ಹೇಳ್ತಾರೆ. ಅವರು ತಿಂದಿದ್ದು ಸಪ್ಪೆ ಮತ್ತು ದುಬಾರಿ, ಅದು ನಿಜ.

ಸ್ಪೇನಿಂದ ಶುರು ಮಾಡ್ತೀನಿ, ಅಲ್ಲಿ ಇದು ವ್ಯವಸ್ಥಿತವಾಗಿದೆ. ಮೆನೂ ದೆಲ್ ದಿಯಾ ಅಂತ, 1960ರ ದಶಕದಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಟೂರಿಸ್ಟುಗಳಿಗೋಸ್ಕರ ಹೋಟೆಲ್‌ಗಳಿಗೆ ಕಡ್ಡಾಯ ಮಾಡಿದ ನಿಗದಿತ ದರದ ಊಟದಿಂದ ಬೆಳೆದಿದ್ದು, ಆಮೇಲೆ ಅದನ್ನ ಅಲ್ಲಿನ ಕೆಲಸದ ಜನಾನೇ ತಮ್ಮದಾಗಿಸ್ಕೊಂಡ್ರು. ಮೊದಲ ಐಟಂ, ಎರಡನೇ ಐಟಂ, ಬ್ರೆಡ್ಡು, ಕುಡಿಯೋಕೆ ಏನಾದ್ರೂ, ಕೊನೆಗೆ ಸಿಹಿ ಇಲ್ಲ ಕಾಫಿ, ಎಲ್ಲಾ ಸೇರಿ 15 ಯೂರೋ ಆಸುಪಾಸು. ಶನಿವಾರ ಭಾನುವಾರ ಒಂದೋ ಇರಲ್ಲ, ಇದ್ರೂ ರೇಟು ಜಾಸ್ತಿ. ಅದಕ್ಕೇ ನಾನು ಒಂದು ದಿನ ರಜ ಹಾಕೋದಾದ್ರೆ ಸೋಮವಾರ ಹಾಕಲ್ಲ, ಶುಕ್ರವಾರಾನೇ ಹಾಕೋದು. ಗುರುವಾರ ರಾತ್ರಿ ಹೊರಟು, ಶುಕ್ರವಾರ ಮಧ್ಯಾಹ್ನ ಆಫೀಸಿನೋರ ಮಧ್ಯೆ ಕೂತು ಉಂಡ್ರೆ ಟ್ರಿಪ್ಪಿನ ಮುಖ್ಯ ಕಾರ್ಯಕ್ರಮ ಮುಗೀತು ಅಂತಲೇ ನನ್ನ ಲೆಕ್ಕ, ಉಳಿದಿದ್ದೆಲ್ಲ ಬೋನಸ್ಸು.

ಸ್ಪೇನಿನೋರು ಮಧ್ಯಾಹ್ನ ಎರಡು, ಎರಡೂವರೆಗೆ ಉಣ್ತಾರೆ, ರಾತ್ರಿ ಒಂಬತ್ತರ ಮೇಲೆ, 'ಸೋಮಾರಿಗಳಪ್ಪ' ಅಂತ ನಗಾಡೋರಿದಾರೆ. ಸೂರ್ಯನ್ನ ನೋಡಿ ಮಾತಾಡ್ಬೇಕು ಇದನ್ನ. ಸ್ಪೇನ್ ಭೂಗೋಳದ ಪ್ರಕಾರ ಇಂಗ್ಲೆಂಡಿನ ನೇರಕ್ಕಿದೆ, 1940ರ ತನಕ ಅವರ ಗಡಿಯಾರಾನೂ ಅದೇ ಆಗಿತ್ತು, ಆ ವರ್ಷ ಒಂದು ಗಂಟೆ ಮುಂದಕ್ಕೆ ತಳ್ಳಿ ಬರ್ಲಿನ್ ಟೈಮಿಗೆ ತಂದ್ರು, ಮತ್ತೆ ವಾಪಸ್ ತರಲೇ ಇಲ್ಲ. ಅದರ ಮೇಲೆ ಬೇಸಿಗೇಲಿ ಯುರೋಪಿನೋರೆಲ್ಲ ಗಡಿಯಾರ ಮುಂದಕ್ಕೆ ತಳ್ಳೋ ಇನ್ನೊಂದು ಗಂಟೆ. ಹಾಗಾಗಿ ಬೇಸಿಗೇಲಿ ಮ್ಯಾಡ್ರಿಡ್ಡಲ್ಲಿ ಸೂರ್ಯ ನೆತ್ತಿ ಮೇಲೆ ಬರೋವಾಗ ಗಡಿಯಾರದಲ್ಲಿ ಎರಡು ದಾಟಿರತ್ತೆ. ಪಾಪ ಅವರು ನಡು ಮಧ್ಯಾಹ್ನಕ್ಕೇ ಉಣ್ತಾ ಇದಾರೆ, ಮುಂದೆ ಓಡ್ತಿರೋದು ಗಡಿಯಾರ. ನಮಗೆ ಇದರಲ್ಲಿ ಒಂದು ಲಾಭ ಇದೆ, ಜರ್ಮನಿಗೂ ಸ್ಪೇನಿಗೂ ಗಡಿಯಾರ ಒಂದೇ ಆದ್ರಿಂದ ಜೆಟ್ ಲ್ಯಾಗ್ ಇಲ್ಲ, ಬೆಳಿಗ್ಗೆ ಎದ್ದು ಫ್ಲೈಟ್ ಹಿಡಿದ್ರೂ ಊಟದ ಹೊತ್ತಿಗೆ ಆರಾಮಾಗಿ ತಲುಪ್ತೀರ.

ಫ್ರಾನ್ಸಲ್ಲಿ ಹೀಗೆ ಸಲುಗೆ ನಡೆಯಲ್ಲ. ಹನ್ನೆರಡರಿಂದ ಎರಡು, ಅಷ್ಟೇ. ಎರಡೂ ಹತ್ತಕ್ಕೆ ಹೋಗಿ ನಿಂತ್ರೆ ಸಣ್ಣ ಊರುಗಳಲ್ಲಿ ಅಡುಗೆಮನೆ ಮುಚ್ಚಿರತ್ತೆ, ನಿಮ್ಮ ಹೊಟ್ಟೆ ತಾಳ ಹಾಕ್ತಿದ್ರೂ ಅವರು ಕೇರ್ ಮಾಡಲ್ಲ. ಅಲ್ಲಿ ಕೆಲಸ ಮಾಡೋ ಜಾಗದಲ್ಲೇ ಕೂತು ಊಟ ಮಾಡೋ ಹಾಗಿಲ್ಲ ಅಂತ ಕಾರ್ಮಿಕ ಕಾನೂನಲ್ಲೇ ಬರೆದಿದೆ, ಕೋವಿಡ್ ಹೊತ್ತಲ್ಲಿ 2021ರಲ್ಲಿ ಅದನ್ನ ತಾತ್ಕಾಲಿಕವಾಗಿ ಸಡಿಲ ಮಾಡಿದಾಗ ಅದೇ ಒಂದು ದೊಡ್ಡ ಸುದ್ದಿ ಆಯ್ತು. ಕಂಪ್ಯೂಟರ್ ಮುಂದೆ ಡಬ್ಬಿ ಬಿಚ್ಚೋ ನಮಗೆಲ್ಲ ಸ್ವಲ್ಪ ನಾಚಿಕೆ ಆಗ್ಬೇಕು. ದಿನದ ಐಟಂ ಯಾವುದು ಅಂತ ಹೊರಗೆ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರ್ತಾರೆ, ಜಗ್ಗಲ್ಲಿ ನಲ್ಲಿ ನೀರು ಕೇಳಿದ್ರೆ ದುಡ್ಡಿಲ್ಲ, ಬಾಟಲ್ ಅಂದ್ರೆ ದುಡ್ಡು. ಜರ್ಮನಿಯಲ್ಲಿ ಮಾತ್ರ ನಲ್ಲಿ ನೀರು ಕೇಳಿದ್ರೆ ಕೆಲವು ಕಡೆ ಮುಖ ಸಿಂಡರಿಸ್ಕೋತಾರೆ, ಅದು ಬೇರೆ ಕತೆ.

ಇಟಲಿಯ ಉತ್ತರ ಭಾಗದಲ್ಲಿ ಪ್ರಾಂಜೊ ದಿ ಲವೋರೊ ಅಂತ ಬೋರ್ಡ್ ಇದ್ರೆ ಕಣ್ಮುಚ್ಕೊಂಡು ಒಳಗೆ ಹೋಗಿ, ಕೆಲಸದೋರ ಊಟ ಅದು. ಮ್ಯೂನಿಕ್‌ನಿಂದ ಬ್ರೆನ್ನರ್ ಘಾಟಿ ದಾಟಿ ವೆರೋನಾ, ಬೊಲೋನ್ಯಾ ತನಕ ನೇರ ರೈಲಿದೆ. ಬೊಲೋನ್ಯಾದೋರಿಗೆ ಊಟದ ವಿಷಯದಲ್ಲಿ ಎಷ್ಟು ಹಟ ಅಂದ್ರೆ ಅವರ ತಾಲ್ಯತೆಲ್ಲೆ ಪಾಸ್ತಾ ಎಷ್ಟು ಅಗಲ ಇರ್ಬೇಕು ಅಂತ 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳೀಲಿ ರಿಜಿಸ್ಟರ್ ಮಾಡಿಸಿದಾರೆ. ಸಸ್ಯಾಹಾರಿಗಳು ಒಂದು ಗಮನ ಇಟ್ಕೊಳ್ಳಿ, ತೊರ್ತೆಲ್ಲೀನಿ ಅಂದ್ರೆ ಒಳಗೆ ಮಾಂಸ, ತೊರ್ತೆಲ್ಲೋನಿ ಅಂದ್ರೆ ಸಾಮಾನ್ಯವಾಗಿ ರಿಕೋಟ ಚೀಸು, ಬೆಣ್ಣೆ ಸೇಜ್ ಎಲೆ ಹಾಕಿ ಕೊಡ್ತಾರೆ, ಅದ್ಭುತ. ಆದ್ರೆ ಮೇಲೆ ಉದುರಿಸೋ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಕಟ್ಟುನಿಟ್ಟಾಗಿರೋರು ಬೇಡ ಅಂತ ಮೊದಲೇ ಹೇಳ್ಬಿಡಿ. ಬಿಲ್ಲಲ್ಲಿ ಕೊಪೆರ್ತೊ ಅಂತ ತಲೆಗೆ ಎರಡು ಮೂರು ಯೂರೋ ಬಂದ್ರೆ ಜಗಳಕ್ಕೆ ಹೋಗ್ಬೇಡಿ, ಅದು ಕೂತಿದ್ದಕ್ಕೆ.

ಸಸ್ಯಾಹಾರದ ಮಾತು ಬಂತು, ಪೋಲೆಂಡ್ ಬಗ್ಗೆ ಹೇಳ್ಲೇಬೇಕು. ಅಲ್ಲಿ ಮಾಂಸ ಬಿಟ್ರೆ ಏನೂ ಸಿಗಲ್ಲ ಅಂತ ಎಲ್ಲರೂ ಹೆದರಿಸ್ತಾರೆ. ಬಾರ್ ಮ್ಲೆಚ್ನಿ ಅಂತ ಇದೆ, ಹಾಲಿನ ಬಾರು ಅಂತ ಅರ್ಥ, ಮೊದಲನೇದು 1896ರಲ್ಲಿ ವಾರ್ಸಾದಲ್ಲಿ ಶುರುವಾಯ್ತು. ಹಾಲು, ಮೊಸರು, ಹಿಟ್ಟು, ಮೊಟ್ಟೆ, ತರಕಾರಿ ಇವುಗಳ ಅಡುಗೆಗೆ ಅಲ್ಲಿ ಸರ್ಕಾರ ಈಗಲೂ ಸಬ್ಸಿಡಿ ಕೊಡತ್ತೆ. ಕೌಂಟರಲ್ಲಿ ದುಡ್ಡು ಕೊಡಿ, ಚೀಟಿ ತಗೊಳ್ಳಿ, ಕಿಂಡಿ ಹತ್ರ ತಟ್ಟೆ ತಗೊಳ್ಳಿ, ತಿಂದಾದ್ಮೇಲೆ ತಟ್ಟೆ ನೀವೇ ತೆಗೆದಿಡಿ, ಥೇಟ್ ನಮ್ಮ ದರ್ಶಿನಿಗಳ ಹಾಗೆ. ಆಲೂಗಡ್ಡೆ ಮತ್ತು ಚೀಸ್ ತುಂಬಿದ ಪಿಯೆರೋಗಿ, ಅಂದ್ರೆ ಅಲ್ಲಿನ ಕಡುಬು, ಕೇಳಿ, ಮೇಲೆ ಹಂದಿ ಕೊಬ್ಬಿನ ಚೂರು ಹಾಕೋ ಅಭ್ಯಾಸ ಕೆಲವರಿಗಿದೆ, ಬೇಡ ಅನ್ನಿ. ಪಕ್ಕದಲ್ಲಿ ಒಬ್ಬರು ಪೆನ್ಷನ್ ಅಜ್ಜಿ, ಈ ಕಡೆ ಒಬ್ಬ ಲಾಯರು, ಆ ಕಡೆ ಕಾಲೇಜು ಹುಡುಗರು, ಯಾರೂ ಯಾರನ್ನೂ ನೋಡಲ್ಲ, ತಲೆ ತಗ್ಗಿಸಿ ಉಣ್ತಿರ್ತಾರೆ, ನನಗೆ ಯುರೋಪಲ್ಲಿ ಅತಿ ಇಷ್ಟವಾದ ಊಟದ ಜಾಗ ಅಂದ್ರೆ ಇದೇ. ಬರ್ಲಿನ್ನಿಂದ ಪೊಜ್ನಾನ್‌ಗೆ ರೈಲಲ್ಲಿ ಮೂರು ಗಂಟೆ ಹತ್ರ ಅಷ್ಟೇ. ಹಾಗೇ ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ಎರಡೂವರೆ ಗಂಟೆ ಹತ್ರ, ಎಲ್ಬೆ ನದಿ ಪಕ್ಕದಲ್ಲೇ ಹೋಗತ್ತೆ, ಪ್ರಾಗಿನ ಮಧ್ಯಾಹ್ನದ ಮೆನು ಹನ್ನೊಂದಕ್ಕೇ ಶುರುವಾಗತ್ತೆ, ಒಂದು ಗಂಟೆ ದಾಟಿದ್ರೆ ಒಳ್ಳೇ ಐಟಂ ಎಲ್ಲ ಖಾಲಿ. ಅಲ್ಲಿ ಸೂಪ್ ಬಗ್ಗೆ ಹುಷಾರು, ತರಕಾರಿ ಸೂಪ್ ಅಂದ್ರೂ ಕುದಿಸಿರೋದು ಮೂಳೆ ನೀರಲ್ಲಿ ಇರ್ಬಹುದು. 2014ರ ಡಿಸೆಂಬರಿಂದ ಇಡೀ ಯುರೋಪಿಯನ್ ಯೂನಿಯನ್ನಲ್ಲಿ ಹೋಟೆಲಿನೋರು 14 ಅಲರ್ಜಿ ಪದಾರ್ಥಗಳನ್ನ ತಿಳಿಸ್ಲೇಬೇಕು, ಅದರಲ್ಲಿ ಮೊಟ್ಟೆ, ಮೀನು, ಸೀಗಡಿ ಎಲ್ಲ ಬರತ್ತೆ, ಮೆನು ಪಕ್ಕದಲ್ಲಿರೋ ಸಣ್ಣ ನಂಬರ್‌ಗಳು ಅದೇ. ಮಾಂಸ ಆ ಪಟ್ಟೀಲಿ ಇಲ್ಲ, ಅದನ್ನ ಬಾಯಿಬಿಟ್ಟು ಕೇಳ್ಬೇಕು.

ದೊಡ್ಡ ಹೋಟೆಲ್ ಆಸೆ ಇರೋರಿಗೂ ಮಧ್ಯಾಹ್ನಾನೇ ಸರಿ. ಮಿಶೆಲಿನ್ ಗೈಡ್ ಇದ್ಯಲ್ಲ, ಟೈರ್ ಕಂಪನಿ 1900ರಲ್ಲಿ ಕಾರಿನೋರಿಗೆ ಅಂತ ಹಂಚೋಕೆ ಶುರು ಮಾಡಿದ್ದು, ಒಳ್ಳೇ ಅಡುಗೆಯ ಹೋಟೆಲ್‌ಗಳಿಗೆ ಸ್ಟಾರ್ ಕೊಡೋಕೆ ಶುರುವಾಗಿದ್ದು 1926ರಲ್ಲಿ. ಸ್ಟಾರ್ ಇರೋ ಎಷ್ಟೋ ಜಾಗಗಳು ವಾರದ ದಿನ ಮಧ್ಯಾಹ್ನ ಸಣ್ಣ ಮೆನು ಇಡ್ತಾರೆ, ರಾತ್ರಿಯ ಅರ್ಧಕ್ಕೂ ಕಮ್ಮಿ ರೇಟಿಗೆ, ಅಡುಗೆ ಮಾಡೋ ಕೈ ಅದೇ.

ಪ್ರಯಾಣದ ವಿಷಯ ಜಾಸ್ತಿ ಎಳೆಯಲ್ಲ. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇದ್ರೆ ಬೇರೆ ಶೆಂಗೆನ್ ದೇಶಗಳಲ್ಲಿ, ಅಂದ್ರೆ ಒಂದೇ ವೀಸಾ ವ್ಯವಸ್ಥೆ ಇಟ್ಕೊಂಡಿರೋ ಯುರೋಪ್ ದೇಶಗಳಲ್ಲಿ, ಯಾವುದೇ 180 ದಿನದಲ್ಲಿ 90 ದಿನ ವೀಸಾ ಇಲ್ಲದೆ ಓಡಾಡ್ಬಹುದು, ಕಾರ್ಡ್ ಜೊತೆ ಪಾಸ್‌ಪೋರ್ಟೂ ಕೈಯಲ್ಲಿರ್ಬೇಕು, ರೈಲಲ್ಲೂ ಚೆಕ್ ಮಾಡ್ತಾರೆ. ಕ್ರೊಯೇಷಿಯಾ 2023ರಿಂದ ಒಳಗೆ ಬಂತು, ರೊಮೇನಿಯಾ ಬಲ್ಗೇರಿಯಾ 2025ರ ಜನವರಿಗೆ ಪೂರ್ತಿ ಬಂದ್ರು. ಇಂಗ್ಲೆಂಡ್, ಐರ್ಲೆಂಡ್ ಇದರಲ್ಲಿಲ್ಲ, ಭಾರತದ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕು. ಸ್ವಿಟ್ಜರ್ಲೆಂಡ್ ಶೆಂಗೆನ್ ಒಳಗಿದ್ರೂ ಯೂನಿಯನ್ ಹೊರಗೆ, ಹಾಗಾಗಿ ಪುಕ್ಕಟೆ ರೋಮಿಂಗ್ ನಿಯಮ ಅಲ್ಲಿಗೆ ತಾನಾಗೇ ಅನ್ವಯ ಆಗಲ್ಲ, ಪ್ಲ್ಯಾನ್ ನೋಡ್ದೆ ಹೋದ್ರೆ ಫೋನ್ ಬಿಲ್ಲು ಊಟದ ಬಿಲ್ಲಿಗಿಂತ ಜಾಸ್ತಿ ಬರ್ಬಹುದು.

ಡಾಯ್ಚ್‌ಲಾಂಡ್‌ಟಿಕೆಟ್ ಅನ್ನೋ ತಿಂಗಳ ಪಾಸ್ ಇದೆ, 2023ರ ಮೇನಲ್ಲಿ ತಿಂಗಳಿಗೆ 49 ಯೂರೋ ಇತ್ತು, 2025ಕ್ಕೆ 58 ಆಯ್ತು, ಆಮೇಲೂ ಏರಿದೆ, ಆದ್ರೂ ಲಾಭಾನೇ, ಲೋಕಲ್ ರೈಲುಗಳಲ್ಲಿ ದೇಶ ಪೂರ್ತಿ ನಡೆಯತ್ತೆ, ಗಡಿಯಾಚೆ ಸಾಲ್ಜ್‌ಬರ್ಗ್ ಸ್ಟೇಷನ್ ತನಕಾನೂ ನಡೆಯತ್ತೆ. ಸ್ಪೀಡ್ ರೈಲಿಗೆ ನಡೆಯಲ್ಲ. ದೂರದ ರೈಲುಗಳು ಲೇಟಾಗ್ತವೆ, ಅದು ಈಗ ಅಲ್ಲಿನ ಜೋಕು, ಒಂದು ಗಂಟೆ ಲೇಟಾದ್ರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆ ಆದ್ರೆ ಅರ್ಧ ವಾಪಸ್ ಬರತ್ತೆ, ಕೇಳಿ ತಗೊಳ್ಳಿ. ಊಟದ ಟೇಬಲ್ ಬುಕ್ ಮಾಡಿದ್ರೆ ಮಾತ್ರ ಒಂದು ರೈಲು ಮುಂಚೆ ಹೊರಡಿ. ನಾನು ರೈಲು ಇಷ್ಟಪಡೋಕೆ ಇನ್ನೊಂದು ಕಾರಣ ಚೀಲ. ವಿಮಾನದ ಕ್ಯಾಬಿನ್‌ಗೆ 2006ರಿಂದ ಇರೋ 100 ಮಿಲಿ ನಿಯಮ ಬರೀ ನೀರಿಗಲ್ಲ, ಜಾಮು, ಜೇನು, ಮೆತ್ತನೆ ಚೀಸು, ಪೆಸ್ಟೋ ಎಲ್ಲಾ ಅದರೊಳಗೇ ಬರತ್ತೆ, ಕೆಲವು ಏರ್‌ಪೋರ್ಟಲ್ಲಿ ಹೊಸ ಸ್ಕ್ಯಾನರ್ ಬಂದು ಸಡಿಲ ಆಗಿದೆ ಆದ್ರೆ ನಂಬ್ಕೊಂಡು ಹೋಗೋ ಹಾಗಿಲ್ಲ. ರೈಲಲ್ಲಿ ಎಷ್ಟು ಬೇಕೋ ಹೊತ್ಕೊಂಡು ಬನ್ನಿ, ಯೂನಿಯನ್ ಒಳಗೆ ಮನೆ ಬಳಕೆಗೆ ತರೋ ಊಟದ ಸಾಮಾನಿಗೆ ಅಡ್ಡಿ ಇಲ್ಲ.

ಇನ್ನು ಆಫೀಸು. ಎರಡು ಕೆಲಸದ ದಿನಗಳ ನಡುವೆ 11 ಗಂಟೆ ಬಿಡುವು ಇರ್ಬೇಕು ಅಂತ ಜರ್ಮನ್ ಕಾನೂನು ಹೇಳತ್ತೆ, ಅದನ್ನ ನಾನು ತಿರುಗಾಟಕ್ಕೂ ಹಾಕ್ಕೊಂಡಿದೀನಿ, ಸೋಮವಾರ ಆಫೀಸ್ ಶುರುವಾಗೋಕೆ ಕಮ್ಮಿ ಅಂದ್ರೆ 11 ಗಂಟೆ ಮುಂಚೆ ಮನೆ ಬಾಗಿಲು ತೆಗೆದಿರ್ಬೇಕು. ಭಾನುವಾರ ಅಂಗಡಿಗಳು ಬಹುತೇಕ ಬಂದ್, ಭಾನುವಾರ ಬಿಡುವಿನ ದಿನ ಅಂತ ಸಂವಿಧಾನದಲ್ಲೇ ಇದೆ, ದೊಡ್ಡ ರೈಲ್ವೇ ಸ್ಟೇಷನ್ ಒಳಗಿನ ಅಂಗಡಿಯಂಥ ಕೆಲವು ಮಾತ್ರ ತೆಗೆದಿರ್ತಾವೆ, ಹಾಗಾಗಿ ಹೊರಡೋ ದಿನಾನೇ ಫ್ರೀಜರಲ್ಲಿ ಏನಾದ್ರೂ ಮಾಡಿಟ್ಟು ಹೋಗಿ, ಬಂದ ರಾತ್ರಿ ಬಿಸಿ ಮಾಡ್ಕೊಂಡು ಉಂಡು ಮಲಗಿ. ನಿದ್ದೆ ಕದ್ದು ತಿರುಗಾಡೋನು ಬುಧವಾರದ ಹೊತ್ತಿಗೆ ಮೀಟಿಂಗಲ್ಲಿ ತೂಕಡಿಸ್ತಾನೆ, ಆಮೇಲೆ ಮುಂದಿನ ಶುಕ್ರವಾರದ ರಜ ಕೇಳೋಕೆ ಮುಖ ಇರಲ್ಲ. ರಜಕ್ಕೆ ಮುಂಚೆ ಯಾವ ಕೆಲಸ ಎಲ್ಲಿಗೆ ನಿಂತಿದೆ ಅಂತ ಒಂದು ಪುಟ ಬರೆದು ಜೊತೆಗಾರರಿಗೆ ಕೊಟ್ಟು ಹೋದ್ರೆ ಫೋನ್ ಬರಲ್ಲ, ನೀವು ಅವರ ರಜದಲ್ಲಿ ಅದೇ ಮಾಡಿ.

ಒಂದು ಊರು, ಒಂದು ಊಟ, ಅದರ ಸುತ್ತ ಏನು ನಡೆದು ನೋಡೋಕಾಗತ್ತೋ ಅದು, ನನ್ನ ಟ್ರಿಪ್ಪು ಅಷ್ಟೇ. ಮೂರು ದಿನದಲ್ಲಿ ನಾಕು ದೇಶ ಮುಗಿಸೋರ ಹತ್ರ ನನಗೆ ವಾದ ಇಲ್ಲ, ಆದ್ರೆ ಅವರು ಏನು ತಿಂದ್ರು ಅಂತ ಕೇಳಿ ನೋಡಿ, ಸ್ಟೇಷನ್ನಿನ ಸ್ಯಾಂಡ್‌ವಿಚ್ಚೇ ಇರತ್ತೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನ ಇಲ್ಲಿ ಹಾಕ್ತೀನಿ. ಒಬ್ಬರು ಕೇಳಿದ್ರು, ಲ್ಯಾಪ್‌ಟಾಪ್ ತಗೊಂಡು ಹೋಗಿ ಪೋರ್ಚುಗಲ್ಲಲ್ಲಿ ಕೂತೇ ಕೆಲಸ ಮಾಡಿದ್ರೆ ರಜಾನೇ ಬೇಡ್ವಲ್ಲ ಅಂತ. ಕೇಳೋಕೆ ಚೆಂದ. ಆದ್ರೆ ಕಾರ್ಡ್ ಕೊಡೋ ಆ 90 ದಿನ ಸುತ್ತಾಡೋಕೆ, ಬೇರೆ ದೇಶದಲ್ಲಿ ಕೂತು ದುಡಿಯೋದು ಅಂದ್ರೆ ಕಂಪನಿ ಒಪ್ಪಿಗೆ, ನಿಮ್ಮ ಸೋಷಿಯಲ್ ಸೆಕ್ಯೂರಿಟಿ ಯಾವ ದೇಶದ್ದು ಅಂತ ತೋರಿಸೋ ಎ1 ಸರ್ಟಿಫಿಕೇಟು, ಟ್ಯಾಕ್ಸು, ಅಲ್ಲಿನ ವರ್ಕ್ ಪರ್ಮಿಟ್ಟಿನ ಪ್ರಶ್ನೆ ಎಲ್ಲಾ ಬರತ್ತೆ. ಎಚ್‌ಆರ್‌ಗೆ ಬರಹದಲ್ಲಿ ಕೇಳದೆ ಮಾಡ್ಬೇಡಿ. ಅದೂ ಅಲ್ಲದೆ ಮಧ್ಯಾಹ್ನದ ಊಟದ ಹೊತ್ತಿಗೇ ಮೀಟಿಂಗ್ ಬಂದು ಕೂರತ್ತೆ.

ಇನ್ನೊಬ್ಬರು ಕೇಳಿದ್ರು, ಕಂಪನಿ ಕೆಲಸದ ಪ್ರಯಾಣಕ್ಕೆ ಸ್ವಂತ ತಿರುಗಾಟ ಸೇರಿಸ್ಬಹುದಾ ಅಂತ. ಹೌದು, ಬಾಸ್ ಒಪ್ಪಿದ್ರೆ ಹಿಂದೆ ಮುಂದೆ ನಿಮ್ಮ ಸ್ವಂತ ರಜ ಸೇರಿಸ್ಬಹುದು, ಸ್ವಂತ ದಿನದ ಖರ್ಚು ನಿಮ್ಮದು. ಜರ್ಮನಿ ಒಳಗಿನ ಪ್ರಯಾಣಕ್ಕೆ ಪೂರ್ತಿ ದಿನಕ್ಕೆ 28 ಯೂರೋ, ಎಂಟು ಗಂಟೆ ಮೀರಿದ್ರೆ 14 ಯೂರೋ ಊಟದ ಭತ್ಯೆ ತೆರಿಗೆ ಇಲ್ಲದೆ ಕೊಡ್ಬಹುದು, ಹೋಟೆಲ್ ಬಿಲ್ಲಲ್ಲೇ ತಿಂಡಿ ಸೇರಿದ್ರೆ ಅದರಲ್ಲಿ 5.60 ಕಟ್. ತಿಂಡಿ ಇಲ್ಲದ ರೂಮ್ ತಗೊಂಡು ಹೊರಗೆ ಬೇಕರೀಲಿ ತಿನ್ನೋದು ನನ್ನ ಪದ್ಧತಿ.

ಕೊನೇದು ಮಕ್ಕಳಿರೋರ ಪ್ರಶ್ನೆ, ಶಾಲೆ ನಡುವೆ ಇದನ್ನೆಲ್ಲ ಹೇಗೆ ಹೊಂದಿಸೋದು ಅಂತ, ಇದು ನಿಜಕ್ಕೂ ಕಷ್ಟದ್ದು. ಜರ್ಮನಿಯಲ್ಲಿ ಶಾಲೆಗೆ ಹೋಗೋದು ಕಡ್ಡಾಯ, ಫ್ಲೈಟ್ ಟಿಕೆಟ್ ಚೀಪು ಅಂತ ಎರಡು ದಿನ ಮುಂಚೆ ಮಗೂನ ಬಿಡಿಸ್ಕೊಂಡು ಹೋದ್ರೆ ದಂಡ ಬೀಳ್ಬಹುದು, ಬವೇರಿಯಾದ ಏರ್‌ಪೋರ್ಟುಗಳಲ್ಲಿ ಪೊಲೀಸರು ಇಂಥ ಕುಟುಂಬಗಳನ್ನ ಹಿಡಿದು ಶಾಲೆಗೆ ಫೋನ್ ಮಾಡಿರೋದು ಪೇಪರಲ್ಲಿ ಬಂದಿದೆ. ರಜ ಹಂಚೋವಾಗ ಮಕ್ಕಳಿರೋರಿಗೆ ಶಾಲೆ ರಜೇಲಿ ಆದ್ಯತೆ ಸಿಗತ್ತೆ, ಹಾಗಂತ ಎಲ್ಲರೂ ಆಗಸ್ಟಿಗೇ ಬೀಳ್ತಾರೆ, ಆದ್ರೆ ಆಗಸ್ಟಲ್ಲಿ ಇಟಲಿ, ಸ್ಪೇನಿನ ಆ ಕೆಲಸದೋರೇ ಊರು ಬಿಟ್ಟು ಸಮುದ್ರದ ಕಡೆ ಹೋಗಿರ್ತಾರೆ, ಅವರನ್ನ ನಂಬ್ಕೊಂಡಿರೋ ಊಟದ ಜಾಗಗಳೂ ಬಾಗಿಲು ಹಾಕಿ ಎರಡು ಮೂರು ವಾರ ರಜ ಅಂತ ಚೀಟಿ ಅಂಟಿಸಿರ್ತವೆ. ಬವೇರಿಯಾ, ಬಾಡನ್ ವುರ್ಟೆಂಬರ್ಗಿನ ಶಾಲೆಗಳಿಗೆ ಮೇ ಕೊನೆ, ಜೂನಿನ ಹೊತ್ತಿಗೆ ಪೆಂತೆಕೋಸ್ತ್ ಅನ್ನೋ ಕ್ರೈಸ್ತ ಹಬ್ಬದ ಎರಡು ವಾರದ ರಜ ಇರತ್ತೆ. ಆ ಎರಡು ವಾರ ಇಟಲಿಯಲ್ಲಿ ಜನ ಆಫೀಸಿಗೆ ಹೋಗ್ತಾ ಇರ್ತಾರೆ, ಅವರ ಗಣರಾಜ್ಯ ದಿನ ಜೂನ್ 2 ಒಂದು ದಿನ ಬಿಟ್ರೆ. ಮಕ್ಕಳಿದ್ರೆ ನಾನಂತೂ ಆಗಸ್ಟ್ ಬಿಟ್ಟು ಆ ಎರಡು ವಾರಕ್ಕೇ ಅರ್ಜಿ ಹಾಕ್ತೀನಿ.